ಬುಧ ವಕ್ರಿಸಿದರೆ ನಾಸ್ತಿಕನೇನು ಮಾಡಬೇಕು?

ನನ್ನ ಸೋದರಳಿಯ ಹದಿನೇಳನೆಯ ವಯಸ್ಸಿನಲ್ಲಿ ದೇವರನ್ನು ಕೈಬಿಟ್ಟ. 2006ರಲ್ಲಿ ಬ್ರಿಟನ್ನಿನ ನಾಸ್ತಿಕ ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ "ದಿ ಗಾಡ್ ಡೆಲ್ಯೂಷನ್" ಪುಸ್ತಕ ಬಂದ ಮೇಲೆ ದೇವರ ಗ್ರಹಚಾರ ಕೆಟ್ಟಿದ್ದ ಕಾಲ ಅದು. ಮನೆಗೆ ಬಂದವರು ಕೂರುವ ಮುಂಚೆಯೇ "ಸಾಕ್ಷ್ಯ ಎಲ್ಲಿ?" ಎನ್ನುತ್ತಿದ್ದ. ನಮ್ಮ ಅಕ್ಕ ಸೊಂಟ ಹಿಡಿದುಕೊಂಡು "ಭಗವಂತಾ" ಎಂದು ಏಳುವ ಹಾಗಿಲ್ಲ, ಅದರಲ್ಲೊಂದು ಲ್ಯಾಟಿನ್ ಹೆಸರಿನ ತರ್ಕದೋಷ ಹಿಡಿಯುತ್ತಿದ್ದ. 2009ರಲ್ಲಿ ಲಂಡನ್ನಿನ ಬಸ್ಸುಗಳ ಮೇಲೆ "ದೇವರು ಬಹುಶಃ ಇಲ್ಲ, ಚಿಂತೆ ಬಿಟ್ಟು ಬದುಕನ್ನು ಸವಿಯಿರಿ" ಎಂಬ ಜಾಹೀರಾತು ಓಡಾಡಿದಾಗ ಅವನ ತಕರಾರು ಇದ್ದದ್ದು "ಬಹುಶಃ" ಎಂಬ ಪದದ ಬಗ್ಗೆ ಮಾತ್ರ.

ಮೊನ್ನೆ ಅದೇ ಪುಣ್ಯಾತ್ಮ ಹೊಸ ಕೆಲಸದ ಕರಾರುಪತ್ರ ಮುಂದಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕುಳಿತಿದ್ದ. "ಬುಧ ವಕ್ರಿಸಿದ್ದಾನೆ ಮಾವ. ಇನ್ನು ಹನ್ನೊಂದು ದಿನ ಸಹಿ ಹಾಕಬಾರದಂತೆ." ಹೇಳಿದ್ದು ಮೊಬೈಲಿನ ಜ್ಯೋತಿಷ್ಯದ ಆ್ಯಪ್. ಬುಧ ನಿಜವಾಗಿ ಹಿಂದಕ್ಕೆ ಹೋಗುವುದಿಲ್ಲ, ಭೂಮಿಯಿಂದ ನೋಡುವವರಿಗೆ ವರ್ಷಕ್ಕೆ ಮೂರು ಸಲ, ಮೂರು ಮೂರು ವಾರ ಹಾಗೆ ಕಾಣುತ್ತದೆ ಅಷ್ಟೇ ಎಂದು ನನಗೆ ಕಲಿಸಿದವನೇ ಅವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಿದ್ದರು. ಈಗ ದೇವರೇ ಇಲ್ಲ. ಪೂಜಾರಿ ಮಾತ್ರ ತಿಂಗಳ ಚಂದಾ ವಸೂಲಿ ಮಾಡುತ್ತಾನೆ.

ನನ್ನ ಮಗಳಿಗಂತೂ ನಾಸ್ತಿಕತೆ ಎಂದರೆ ಆಕಳಿಕೆ. "ದೇವರ ಜೊತೆ ಜಗಳ ಕಾಯುವಷ್ಟು ಪುರುಸೊತ್ತು ಯಾರಿಗಿದೆ ಅಪ್ಪಾ?" ಎನ್ನುತ್ತಾಳೆ. ಅಂದವಳು ತನ್ನ ಕೋರಿಕೆಯನ್ನು ಬೆಳಿಗ್ಗೆ ಮೂರು, ಮಧ್ಯಾಹ್ನ ಆರು, ರಾತ್ರಿ ಒಂಬತ್ತು ಸಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಯಾರಿಗೆ ಎಂದು ಕೇಳಿದೆ. "ಬ್ರಹ್ಮಾಂಡಕ್ಕೆ." ಅದಕ್ಕೆ ವಯಸ್ಸು ಸುಮಾರು 1,380 ಕೋಟಿ ವರ್ಷ. ಅಷ್ಟು ವಯಸ್ಸಾದವರಿಗೆ ಒಂದೇ ಮಾತನ್ನು ದಿನಕ್ಕೆ ಹದಿನೆಂಟು ಸಲ ಹೇಳಬೇಕಾಗುತ್ತದೆ, ಪಾಪ.

ಅಮೆರಿಕದಲ್ಲಿ ಸಮೀಕ್ಷೆ ನಡೆಸುವ ಪ್ಯೂ ಸಂಸ್ಥೆ 2023–24ರಲ್ಲಿ ಕೇಳಿದಾಗ ಧರ್ಮವಿಲ್ಲ ಎಂದವರು ಶೇ. 29, ಆ 29ರಲ್ಲಿ ನಾಸ್ತಿಕ ಎಂದು ಎದೆ ತಟ್ಟಿದವರು 5. 19 ಮಂದಿ "ನಿರ್ದಿಷ್ಟವಾಗಿ ಏನೂ ಅಲ್ಲ". ಬ್ರಹ್ಮಾಂಡಕ್ಕೆ ಪತ್ರ ಬರೆಯುವವರು ಯಾವ ಕಾಲಮ್ಮಿನಲ್ಲಿದ್ದಾರೋ!

ಕೊನೆಗೆ ಸೋದರಳಿಯನ ಅಭಿಮಾನ ಕೆಣಕಲು ನೋಡಿದೆ. "ನಿನ್ನ ಡಾಕಿನ್ಸೇ ಈಗ ಸಾಂಸ್ಕೃತಿಕ ಕ್ರೈಸ್ತನಂತೆ. ನಂಬಿಕೆಯಿಲ್ಲ, ಆದರೆ ಭಕ್ತಿಗೀತೆಗಳೆಂದರೆ ಪ್ರೀತಿಯಂತೆ."

"ಯಾವಾಗ ಹೇಳಿದ್ದು?"

"2024ರ ಈಸ್ಟರ್ ಹೊತ್ತಿಗೆ."

ಪೆನ್ನು ಕೆಳಗಿಟ್ಟ. ಮೊಬೈಲ್ ತೆಗೆದು ಬೆರಳಾಡಿಸಿದ. ಮುಖ ಅರಳಿತು.

"ಮಾವ, ಬುಧ ವಕ್ರಿಸಿದ್ದು ಅದೇ ವಾರ! ಇನ್ನೆಂಥ ಸಾಕ್ಷ್ಯ ಬೇಕು?"