ಸೀರಿಯಲ್ಲಿನಲ್ಲಿ ಮಕ್ಕಳು: ಕಾನೂನಿನ ವಿನಾಯಿತಿ ಬೇಕೇ?

ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎನ್ನುತ್ತದೆ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ. ಆದರೆ ಸಿನಿಮಾ, ಸೀರಿಯಲ್, ಜಾಹೀರಾತುಗಳಲ್ಲಿ ನಟಿಸಲು ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದೆ. ಮುಂಬಯಿಯ ಕನ್ನಡದ ಮನೆಗಳಿಂದಲೂ ಆಡಿಷನ್ನಿಗೆ ಮಕ್ಕಳು ಹೋಗುತ್ತಾರೆ.

ಪರ

ನಮ್ಮ ಸಂಘದ ಯಕ್ಷಗಾನದಲ್ಲಿ ಬಾಲಗೋಪಾಲನಾಗಿ ಕುಣಿದ ಹುಡುಗನಿಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟುತ್ತೇವೆ. ಅದೇ ಹುಡುಗ ಗೋರೆಗಾಂವ್‌ನ ಫಿಲ್ಮ್ ಸಿಟಿಗೆ ಹೋದರೆ ಬಾಲಕಾರ್ಮಿಕನೇ? ಮಕ್ಕಳಿಲ್ಲದೆ ಕಥೆ ಹೇಳಲಾಗದು. ನಿಷೇಧಿಸಿದರೆ ಕದ್ದು ನಡೆಯುತ್ತದೆ, ಕದ್ದು ನಡೆಯುವಲ್ಲಿ ಲೆಕ್ಕ ಕೇಳುವವರಿಲ್ಲ.

ಈಗ ಲೆಕ್ಕ ಉಂಟು. 2017ರ ನಿಯಮದಂತೆ ದಿನಕ್ಕೆ 5 ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ಕರೆಯುವಂತಿಲ್ಲ. ನಿರ್ಮಾಪಕರು ಮೊದಲು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ಐದು ಮಕ್ಕಳಿಗೆ ಒಬ್ಬರಾದರೂ ನೋಡಿಕೊಳ್ಳುವವರು ಬೇಕು. ನನಗೆ ಮೆಚ್ಚಾದದ್ದು ದುಡ್ಡಿನ ನಿಯಮ. ಗಳಿಕೆಯ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗುತ್ತದೆ, ಪ್ರಾಯಕ್ಕೆ ಬಂದ ಮೇಲೆಯೇ ಕೈಗೆ ಸಿಗುತ್ತದೆ. ಅಪ್ಪನ ಸಾಲಕ್ಕೆ ಅದನ್ನು ಮುಟ್ಟಲಾಗದು. ಇಷ್ಟು ಕಾವಲು ಸಂಘದ ರಂಗಸ್ಥಳದಲ್ಲೂ ಇಲ್ಲ, ನಿಜ ಹೇಳಬೇಕೆಂದರೆ.

ವಿರೋಧ

ಕಾಗದದ ಮೇಲೆ ಎಲ್ಲವೂ ಚಂದ ಮಾರಾಯ್ರೆ. ಸೆಟ್ಟಿನಲ್ಲಿ ಗಡಿಯಾರ ನೋಡುವವರು ಯಾರು?

ಹಿಂದಿ ಸೀರಿಯಲ್ಲಿನ ಶಿಫ್ಟ್ ಸಾಮಾನ್ಯವಾಗಿ 12 ಗಂಟೆಯದು. ಮಗುವಿನ ದೃಶ್ಯ ಚಿಕ್ಕದೇ ಇರಬಹುದು. ಆದರೆ ಬೆಳಗ್ಗೆ ಮೇಕಪ್ ಹಚ್ಚಿ ಕೂರಿಸಿದರೆ ಲೈಟಿಂಗ್ ಆಗುವ ತನಕ ಕಾಯಬೇಕು, ನಾಯಕಿ ತಡವಾಗಿ ಬಂದರೆ ಮತ್ತೂ ಕಾಯಬೇಕು. ಕಾದ ಹೊತ್ತು ಆ ಐದು ಗಂಟೆಗೆ ಸೇರುತ್ತದೆಯೇ ಎಂದು ಕೇಳಿದ ತಾಯಿಗೆ ನಾಳೆಯಿಂದ ಫೋನು ಬರುವುದಿಲ್ಲ. ಡೊಂಬಿವಲಿಯಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ ಗೋರೆಗಾಂವ್ ಮುಟ್ಟುವ ಹೊತ್ತಂತೂ ಯಾರ ಪುಸ್ತಕದಲ್ಲೂ ಇಲ್ಲ. ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳನ್ನು ಮೇಕಪ್ ರೂಮಿನಲ್ಲಿ ನೋಡಿದ್ದೇನೆ. ಮಡಿಲಲ್ಲಿ ಗಣಿತದ ಪುಸ್ತಕ ತೆರೆದಿತ್ತು, ಹೇರ್‌ಡ್ರೆಸರ್ ಜಡೆ ಬಿಗಿದು ಎಳೆಯುತ್ತಿದ್ದರೂ ಅವಳಿಗೆ ತೂಕಡಿಕೆ.

ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ನಟಿಸುವಂತೆ ಮಾಡಬಾರದು ಎಂಬ ಮಾತೂ ನಿಯಮದಲ್ಲಿದೆ. ಎಂಟು ವರ್ಷದ ಮಗು ಅಮ್ಮನ ಮುಖ ನೋಡಿಯೇ "ಹೂಂ" ಅನ್ನುತ್ತದೆ. ಠೇವಣಿಯ ಶೇ 20 ಸರಿ, ಉಳಿದ 80ರಿಂದ ಫ್ಲ್ಯಾಟಿನ ಕಂತು ಕಟ್ಟುತ್ತಿದ್ದರೆ ಆ ಮಗು ಬೇಡ ಅನ್ನುವುದು ಹೇಗೆ? ವರ್ಷಕ್ಕೆ ನಾಲ್ಕು ರಾತ್ರಿ ಕುಣಿಯುವ ಬಾಲಗೋಪಾಲನ ಹೆಗಲ ಮೇಲೆ ಈ ಭಾರ ಇಲ್ಲ, ಟಿಆರ್‌ಪಿಯೂ ಇಲ್ಲ.

ಇನ್ನೊಂದು ಮಾತು. ಸರ್ಕಸ್ಸಿನಲ್ಲಿ ಮಕ್ಕಳು ಬೇಡವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿತು, ವಿನಾಯಿತಿ ಕೊಡುವಾಗ ಕಾಯ್ದೆಯೂ ಸರ್ಕಸ್ಸನ್ನು ಹೊರಗಿಟ್ಟಿತು. ಡೇರೆಯ ಬಡ ಮಗುವಿನ ದಣಿವು ಸರಕಾರಕ್ಕೆ ಕಂಡಿತು. ಏಸಿ ಸ್ಟುಡಿಯೋದಲ್ಲಿ ದಣಿದ ಮಗು ಮಾತ್ರ ಕಲಾವಿದ!

ಸಿನಿಮಾ ಶಾಲೆಯ ರಜೆಯಲ್ಲಿ ಮುಗಿದೀತು, ಅದಕ್ಕೆ ನನ್ನ ತಕರಾರಿಲ್ಲ. ತಿಂಗಳಾನುಗಟ್ಟಲೆ ಎಳೆಯುವ ಸೀರಿಯಲ್ಲಿಗೆ ಈ ವಿನಾಯಿತಿ ತೆಗೆಯಬೇಕು. ತೆಗೆಯುವ ತನಕ ಮಗು ಸೆಟ್ಟಿಗೆ ಬಂದ ಹೊತ್ತು, ಹೋದ ಹೊತ್ತು ಬರೆದ ಹಾಳೆ ವಾರವಾರವೂ ಬಾಂದ್ರಾದ ಜಿಲ್ಲಾಧಿಕಾರಿ ಕಚೇರಿಗೂ ಮಗುವಿನ ಶಾಲೆಗೂ ಹೋಗಲಿ.