ಹೆಗಲು ಕೊಡುವವರ ಸೊಂಟ

ಕಳೆದ ದಸರಾಕ್ಕೆ ನಾನು ಊರಿಗೆ ಬಂದಿದ್ದಾಗ ಮೈಸೂರಿನ ಅಗ್ರಹಾರದ ಹಳೆಯ ಮನೆಯ ಮಹಡಿಯಲ್ಲಿ ದೊಡ್ಡಪ್ಪ ಜಾರಿ ಬಿದ್ದರು. ಪಾದ ಹೊರಕ್ಕೆ ತಿರುಗಿ ಬಿದ್ದಿದ್ದನ್ನು ನೋಡಿದಾಗಲೇ ಸೊಂಟದ ಮೂಳೆ ಮುರಿದಿರಬೇಕೆಂದು ಅನುಮಾನವಾಯಿತು. ಆಂಬುಲೆನ್ಸ್ ಬೇಗನೆ ಬಂತು. ತುರ್ತು ಚಿಕಿತ್ಸೆಯ ತಂತ್ರಜ್ಞ ಒಬ್ಬ, ಪೈಲಟ್ ಎಂದು ಕರೆಯುವ ಚಾಲಕ ಒಬ್ಬ. ಸ್ಟ್ರೆಚರ್ ಮೆಟ್ಟಿಲಿನ ತಿರುವಿನಲ್ಲಿ ಹಾಯಲಿಲ್ಲ. ಎದುರು ಮನೆಯವರು, ಹಾಲು ಹಾಕುವ ಹುಡುಗ, ನಾನು, ಎಲ್ಲರೂ ಸೇರಿ ಜಮಖಾನದ ಅಂಚು ಹಿಡಿದು ಇಳಿದೆವು. ತಿರುವಿನಲ್ಲಿ ಇಬ್ಬರಿಗಷ್ಟೇ ಜಾಗ. ಕೆಳಗಿದ್ದ ತಂತ್ರಜ್ಞ ಒಂದು ಮೆಟ್ಟಿಲಿನಲ್ಲಿ ಕಾಲೂರಿ, ಮೈ ತಿರುಚಿ, ಕೈ ಮುಂದಕ್ಕೆ ಚಾಚಿ ಭಾರವನ್ನೆಲ್ಲ ತಡೆದ. ಗಾಡಿಯ ಬಾಗಿಲು ಹಾಕಿದ ಮೇಲೆ ಎರಡೂ ಕೈಯಿಂದ ಸೊಂಟ ಒತ್ತಿಕೊಂಡ. ನೋವೇ ಎಂದು ಕೇಳಿದೆ. "ಅಭ್ಯಾಸವಾಗಿದೆ ಸರ್" ಎಂದ.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಇಂಗ್ಲೆಂಡಿನಲ್ಲಿ ನಾನೂ ಅದೇ ಕೆಲಸ ಮಾಡುವವನು.

ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಒಂದು ಲೆಕ್ಕ ಕೊಟ್ಟರು: ಎಲ್ಲ ಅನುಕೂಲವಿದ್ದರೂ ಒಬ್ಬರು ಕೈಯಿಂದ ಎತ್ತಬಹುದಾದ ರೋಗಿಯ ಭಾರ 35 ಪೌಂಡ್, ಅಂದರೆ ಸುಮಾರು 16 ಕಿಲೋ. ಅಕ್ಕಿ ಮೂಟೆಯೇ 25 ಕಿಲೋ ಇರುತ್ತದೆ. ಮೂಟೆಯನ್ನಾದರೂ ಮೈಗೆ ಒತ್ತಿ ಹಿಡಿಯಬಹುದು. ಮನುಷ್ಯ ನೋವಿಗೆ ಕೊಸರುತ್ತಾನೆ, ಗೋಡೆ ಹಿಡಿಯುತ್ತಾನೆ. ಭಾರ ಮೈಯಿಂದ ದೂರವಾದಷ್ಟೂ ಬೆನ್ನುಮೂಳೆಯ ಮೇಲಿನ ಒತ್ತಡ ಹೆಚ್ಚುತ್ತದೆ. ಜೊತೆಗೆ ಸೊಂಟ ತಿರುಚಿದರೆ ಕೇಳುವುದೇ ಬೇಡ.

ಬ್ರಿಟನ್ನಿನಲ್ಲಿ 1992ರ ನಿಯಮಾವಳಿಯ ಪ್ರಕಾರ, ಅಪಾಯವಿರುವಲ್ಲಿ ಕೈಯಿಂದ ಎತ್ತುವುದನ್ನು ಸಾಧ್ಯವಾದಷ್ಟು ತಪ್ಪಿಸುವುದು ಮಾಲೀಕರ ಹೊಣೆ. ಅದಕ್ಕೇ ನಮಗೆ ಸಲಕರಣೆಗಳಿವೆ. ಸ್ಕೂಪ್ ಸ್ಟ್ರೆಚರ್ ಉದ್ದಕ್ಕೆ ಎರಡು ಹೋಳಾಗುತ್ತದೆ. ಎರಡು ಕಡೆಯಿಂದ ರೋಗಿಯ ಅಡಿಗೆ ಸರಿಸಿ ಕೂಡಿಸಿದರೆ, ಮುರಿದ ಸೊಂಟವನ್ನು ಹೆಚ್ಚು ಹೊರಳಿಸದೆ ಎತ್ತಬಹುದು. ರೋಗಿಯನ್ನು ಕೂರಿಸಿ ಇಳಿಸುವ ಮೆಟ್ಟಿಲು ಕುರ್ಚಿಯ ಹಿಂದಿನ ಪಟ್ಟಿಗಳು ಮೆಟ್ಟಿಲಂಚಿನ ಮೇಲೆ ಉಜ್ಜುತ್ತಾ ಭಾರವನ್ನು ತಾವೇ ತಡೆಯುತ್ತವೆ. ಪೆಟ್ಟಾಗದೆ ನೆಲದಲ್ಲಿ ಕುಳಿತುಬಿಟ್ಟ ವೃದ್ಧರನ್ನು ಗಾಳಿ ತುಂಬುವ ದಿಂಬು ಕುರ್ಚಿಯ ಎತ್ತರಕ್ಕೆ ಏರಿಸುತ್ತದೆ. ಹಾಸಿಗೆಯಿಂದ ಹಾಸಿಗೆಗೆ ಸರಿಸಲು ಜಾರುವ ನೈಲಾನ್ ಹಾಳೆ ಸಾಕು. ಅದಕ್ಕೆ ಮೋಟಾರೂ ಬೇಡ, ಬ್ಯಾಟರಿಯೂ ಬೇಡ.

ಅಲ್ಲಿರುವುದೆಲ್ಲ ಇಲ್ಲಿಗೆ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಮಂಡ್ಯದ ಕಬ್ಬಿನ ಗದ್ದೆಯ ಬದುವಿನ ಮೇಲೆ ವಿದ್ಯುತ್ ಸ್ಟ್ರೆಚರ್ ಉರುಳದು. ಅಲ್ಲಿ ಬೇಕಾದದ್ದು ಹಗುರವಾದ ಸ್ಕೂಪ್. ನಮ್ಮ ಇಕ್ಕಟ್ಟು ಮೆಟ್ಟಿಲಿನಲ್ಲಿ ಪಟ್ಟಿ ಕುರ್ಚಿ ತಿರುಗಬೇಕಾದರೆ ನಡುವೆ ಸಮತಟ್ಟು ಜಾಗ ಇರಬೇಕು. ಇನ್ನೊಂದು ಮಾತು: ಅಲ್ಲಿ ಎಷ್ಟೋ ರಾತ್ರಿ ಎರಡನೇ ಗಾಡಿಗಾಗಿ ಕಾದಿದ್ದೇನೆ, ಪಕ್ಕದ ಮನೆಯ ಬಾಗಿಲು ತೆರೆದಿಲ್ಲ. ಇಲ್ಲಿ ಕೂಗಿದರೆ ಬೀದಿಯೇ ಬರುತ್ತದೆ. ಇದು ನಮ್ಮ ದೊಡ್ಡ ಆಸ್ತಿ. ಆದರೆ ಜನ ಬರುತ್ತಾರೆಂದು ಸಲಕರಣೆ ಕೊಡದಿರುವುದು ಆ ಒಳ್ಳೆಯತನವನ್ನು ದುಡಿಸಿಕೊಂಡಂತೆ. ಬಂದ ಹತ್ತು ಕೈಗೆ ಹಿಡಿಯಲು ಗಟ್ಟಿ ಹಿಡಿಕೆಯಾದರೂ ಬೇಡವೇ?

ಹೊಸ ಆಂಬುಲೆನ್ಸ್ ಬಂದಾಗ ಹಸಿರು ನಿಶಾನೆ ತೋರಿಸುವವರು ಹಿಂದಿನ ಬಾಗಿಲನ್ನೂ ಒಮ್ಮೆ ತೆರೆಸಿ ನೋಡಬೇಕು. ಸ್ಕೂಪ್ ಇದೆಯೇ, ಮೆಟ್ಟಿಲು ಕುರ್ಚಿ ಇದೆಯೇ, ಅದನ್ನು ಬಳಸುವ ತರಬೇತಿ ಇಬ್ಬರಿಗೂ ಸಿಕ್ಕಿದೆಯೇ ಎಂದು ಕೇಳಬೇಕು. ಇಬ್ಬರಿಗೂ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಅಂದು ದೊಡ್ಡಪ್ಪನ ತಲೆಯ ಕಡೆ ಹಿಡಿದಿದ್ದವನು ಪೈಲಟ್.