ಕೊಸರಿಗೊಂದು ಕೋಡ್

ಗಾಂಧಿಬಜಾರಿನಲ್ಲಿ ತರಕಾರಿ ತೂಗಿದ ಮೇಲೆ ಕೊಸರು ಕೇಳುವುದು ಬೆಂಗಳೂರಿಗರ ಹುಟ್ಟುಗುಣ. ಒಂದೆರಡು ಎಸಳು ಕರಿಬೇವು ಚೀಲಕ್ಕೆ ಬಿದ್ದರೆ ಜನ್ಮ ಸಾರ್ಥಕ. ಹೋಂಸ್ಟೇ ಬುಕ್ ಮಾಡುವ ಆ್ಯಪ್‌ಗಳಿಗೆ ನಮ್ಮ ಈ ಚಟ ಚೆನ್ನಾಗಿ ಗೊತ್ತು. ಇಲ್ಲಿ ಡಿಸ್ಕೌಂಟ್ ಕೋಡ್ ಎಂಬ ಕರಿಬೇವನ್ನು ಮೊದಲು ತೋರಿಸುತ್ತಾರೆ, ತಕ್ಕಡಿ ಆಮೇಲೆ ಹೊರಬರುತ್ತದೆ.

ಶುಕ್ರವಾರ ರಜೆ ಬಂತೆನ್ನಿ. ಬುಧವಾರ ರಾತ್ರಿ 11.40ಕ್ಕೆ ಮನೆಮನೆಯಲ್ಲೂ ಒಂದೇ ಸಂಭಾಷಣೆ.

"ರೀ, ಬೇಗ ಹಾಕ್ರೀ, ಹನ್ನೆರಡಕ್ಕೆ ಮುಗಿಯತ್ತಂತೆ!"

"ಹಾಕ್ತಾನೇ ಇದೀನಲ್ಲೇ, ಇನ್‌ವ್ಯಾಲಿಡ್ ಅಂತಿದೆ."

ಇನ್‌ವ್ಯಾಲಿಡ್ ಅಂದಾಕ್ಷಣ ಕೋಡ್ ಕೊಟ್ಟ ಸೋದರಮಾವನನ್ನು ಬೈಯಬೇಡಿ. ವಾಟ್ಸಾಪ್ ಸಂದೇಶದಿಂದ ಕಾಪಿ ಮಾಡಿದಾಗ ಕೊನೆಗೊಂದು ಖಾಲಿ ಜಾಗ ಅಂಟಿಕೊಂಡು ಬಂದಿರುತ್ತದೆ. ದಪ್ಪಕ್ಷರ ಬರಲೆಂದು ಮಾವ ಎರಡೂ ಬದಿಗೆ ಹಾಕಿದ ನಕ್ಷತ್ರ ಚಿಹ್ನೆಯೂ ಜೊತೆಗೆ ಬಂದಿರಬಹುದು. ಕೊನೆಯ ಅಕ್ಷರ ಸೊನ್ನೆಯೋ ಇಂಗ್ಲಿಷಿನ 'ಓ' ಕಾರವೋ ನೋಡಿ, ಒಮ್ಮೆ ಕೈಯಲ್ಲೇ ಟೈಪ್ ಮಾಡಿ. ಹನ್ನೆರಡರ ಗಡುವಿಗೂ ಅಷ್ಟೊಂದು ಬೆವರಬೇಕಿಲ್ಲ. ಯಾವ ದೇಶದ ಹನ್ನೆರಡು ಎಂದು ಷರತ್ತಿನಲ್ಲಿ ಬರೆದಿರುತ್ತದೆ. 'ಯುಟಿಸಿ', ಅಂದರೆ ಜಗತ್ತಿಗೆಲ್ಲ ಅಳತೆಗೋಲಾದ ಸಮಯ, ಎಂದಿದ್ದರೆ ಅಲ್ಲಿನ ನಡುರಾತ್ರಿ ನಮಗೆ ಬೆಳಗಿನ 5.30, ಹಾಲಿನವನು ಬರುವ ಹೊತ್ತು.

ಕೊನೆಗೂ ಹಸಿರು ಟಿಕ್ ಬಿತ್ತು. ಆಮೇಲೇ ನಿಜವಾದ ತಮಾಷೆ.

'ಶೇ. 20 ರಿಯಾಯಿತಿ' ಎಂಬ ದೊಡ್ಡ ಅಕ್ಷರದ ಕೆಳಗೆ, ಇರುವೆಗಷ್ಟೇ ಕಾಣುವಂತೆ, 'ಗರಿಷ್ಠ 1,000 ರೂ.' ಎಂದಿರುತ್ತದೆ. ಸಕಲೇಶಪುರದ ಕಡೆಯ ಮನೆಗೆ ರಾತ್ರಿಗೆ 4,500, ಎರಡು ರಾತ್ರಿಗೆ 9,000, ಕ್ಲೀನಿಂಗ್ ಶುಲ್ಕ 900 ಎಂದಿಟ್ಟುಕೊಳ್ಳಿ. ರಿಯಾಯಿತಿ ಸಾಮಾನ್ಯವಾಗಿ ಬಾಡಿಗೆಗೆ ಮಾತ್ರ; ಕ್ಲೀನಿಂಗ್‌ಗೂ ಆ್ಯಪ್‌ನ ಸೇವಾ ಶುಲ್ಕಕ್ಕೂ ಅದು ಸೋಕುವುದಿಲ್ಲ. 9,000ಕ್ಕೆ ಶೇ. 20 ಅಂದರೆ 1,800, ಕೈಗೆ ಬಂದದ್ದು 1,000. ತೆರಿಗೆ, ಸೇವಾ ಶುಲ್ಕ ಬಿಟ್ಟು ಬಿಲ್ 8,900.

ಮನೆಯಲ್ಲೊಬ್ಬ ಬುದ್ಧಿವಂತ ಇದ್ದೇ ಇರುತ್ತಾನೆ. "ಎರಡು ರಾತ್ರಿಗೆ ಎರಡು ಬುಕಿಂಗ್ ಮಾಡೋಣ, ಒಂದು ನನ್ನ ಅಕೌಂಟು, ಒಂದು ಅತ್ತಿಗೆದು!" ಎನ್ನುತ್ತಾನೆ. ಸರಿ, ತಲಾ 900 ಇಳಿಯಿತು, ಒಟ್ಟು 1,800. ಆದರೆ ಕ್ಲೀನಿಂಗ್ ಶುಲ್ಕವೂ ಎರಡು ಸಲ ಬಿತ್ತು. ಬಿಲ್ 9,000, ಅಂದರೆ ನೂರು ರೂಪಾಯಿ ಜಾಸ್ತಿ! ಅದೂ ಸಾಲದೆಂದು ಮಾರನೇ ದಿನ ಹನ್ನೊಂದಕ್ಕೆ ಅತ್ತಿಗೆಯ ಹೆಸರಿನಲ್ಲಿ ಮತ್ತೆ ಚೆಕ್-ಇನ್ ಆಗಬೇಕು, ಆಧಾರ್ ಕಾರ್ಡ್ ಸಮೇತ.

ಒಂದೊಂದು ಸಲ ಸಣ್ಣ ಕೋಡೇ ಭಾರಿ ಕೆಲಸ ಮಾಡುವುದುಂಟು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದು ದಾಟಿದರೆ ಶೇ. 18. 7,800ರ ಕೋಣೆ ತೆರಿಗೆ ಸೇರಿ 9,204 ಆಗುತ್ತದೆ. ಮಾಲೀಕರೇ 400 ಇಳಿಸಿದರೆ 7,400, ತೆರಿಗೆ ಸೇರಿ 7,770. ನಾನೂರರ ಕೋಡಿಗೆ 1,434 ಉಳಿತಾಯ! ಇಂಥ ಕೊಸರು ಯಾವ ಮಾರ್ಕೆಟ್ಟಿನಲ್ಲೂ ಸಿಕ್ಕದು. ಆದರೆ ಆ ನಾನೂರನ್ನು ಆ್ಯಪ್ ತನ್ನ ಜೇಬಿನಿಂದ ಕೊಟ್ಟರೆ ತೆರಿಗೆ ಹಳೆಯ ಬೆಲೆಯ ಮೇಲೇ ಬೀಳುತ್ತದೆ. ಆದ್ದರಿಂದ ಟಿಕ್ ನೋಡಿ ಕುಣಿಯುವ ಮೊದಲು ಕೆಳಗೆ ತೆರಿಗೆಯ ಸಾಲನ್ನೊಮ್ಮೆ ಓದಿ.

ಬ್ಯಾಂಕ್ ಕೋಡುಗಳದು ಇನ್ನೊಂದು ಗೋತ್ರ. ಕ್ರೆಡಿಟ್ ಕಾರ್ಡಿಗೆ ಉಂಟು, ಅದೇ ಬ್ಯಾಂಕಿನ ಡೆಬಿಟ್ ಕಾರ್ಡಿಗೆ ಇಲ್ಲ. ವಾರದ ನಡುವೆ ಉಂಟು, ಶನಿವಾರ ಇಲ್ಲ. ಕ್ಯಾನ್ಸಲ್ ಮಾಡಿದರೆ ನಿಯಮದ ಪ್ರಕಾರ ನೀವು ಕಟ್ಟಿದ ದುಡ್ಡು ಬರುತ್ತದೆ, ಒಂದೇ ಸಲ ಬಳಸುವ ಕೋಡ್ ಮಾತ್ರ ಬಹಳ ಸಲ ಹೋದದ್ದು ಹೋದಂತೆಯೇ. ಭಾವಮೈದ "ನಾವೂ ಬರ್ತೀವಿ" ಎಂದನೆಂದು ದಿನಾಂಕವನ್ನೋ ತಲೆ ಲೆಕ್ಕವನ್ನೋ ಬದಲಿಸಿದಿರೋ, ದರ ಹೊಸದಾಗಿ ಲೆಕ್ಕ ಹಾಕಿಕೊಂಡು ಕೋಡ್ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಮೊದಲು ಭಾವಮೈದನನ್ನು ಕೇಳಿ, ಆಮೇಲೆ ಕೋಡ್ ಹಾಕಿ.

ಇಷ್ಟೆಲ್ಲ ಆದಮೇಲೂ ಒಂದು ಖರ್ಚು ಉಳಿದಿದೆ: ಊಟ. ಮಲೆನಾಡಿನ ಹೋಂಸ್ಟೇಗಳಲ್ಲಿ ಬಹುಪಾಲು ತಲೆಗಿಷ್ಟು ಎಂಬ ಲೆಕ್ಕ, ಊಟ ತಿಂಡಿ ಸೇರಿ. ಆ್ಯಪ್‌ನಲ್ಲಿ ಕೋಣೆಯ ಬಾಡಿಗೆ ಮಾತ್ರ ಕಾಣಿಸಿದರೆ, ಕಡುಬು, ಅಕ್ಕಿರೊಟ್ಟಿಗೆ ಬೇರೆ ಬಿಲ್. ಬುಕ್ ಮಾಡುವ ಮೊದಲೇ ಆ್ಯಪ್‌ನ ಸಂದೇಶದಲ್ಲಿ ಇದನ್ನು ಕೇಳಿಬಿಡಿ; ಮಾತು ಅಲ್ಲೇ ದಾಖಲಾಗಿರುತ್ತದೆ. "ಆ್ಯಪ್ ಯಾಕೆ, ಅಡ್ವಾನ್ಸ್ ನೇರ ಯುಪಿಐ ಮಾಡಿ" ಎಂದು ಗುರುತಿಲ್ಲದ ನಂಬರಿನಿಂದ ಯಾರಾದರೂ ಅಂದರೆ ಮಾತ್ರ ಕೈ ಕಟ್ಟಿಕೊಳ್ಳಿ.

ಬುಕಿಂಗ್ ವಿವರದ ಸ್ಕ್ರೀನ್‌ಶಾಟನ್ನು ಹಾಸನ ದಾಟುವ ಮೊದಲೇ ತೆಗೆದಿಡಿ. ಇಲ್ಲದಿದ್ದರೆ ಗೇಟಿನ ಮುಂದೆ ನಿಂತು, ಫೋನನ್ನು ಆಕಾಶಕ್ಕೆ ಹಿಡಿದು, "ನಮ್ಮದು ಡಿಸ್ಕೌಂಟ್ ಕೋಡ್ ಹಾಕಿದ ಬುಕಿಂಗು ಸಾರ್" ಎಂದು ವಿವರಿಸಬೇಕಾಗುತ್ತದೆ. ತೋಟದಿಂದ ಬಂದ ಯಜಮಾನರು ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ಕೋಡು ಗೀಡು ಎಲ್ಲ ನಂಗೊತ್ತಿಲ್ಲ ಮಾರಾಯ್ರೆ. ರಾತ್ರಿ ಊಟಕ್ಕೆ ಎಷ್ಟು ಜನ?"